ಚೌಪಾಟಿಯ ವಿಮಾನವೂ ಸಾನಪಾಡಾದ ವಿಮಾನವೂ

ಕಳೆದ ಚಳಿಗಾಲದ ಒಂದು ಭಾನುವಾರ ಬೆಳಗಿನ ಹೊತ್ತು ಸಾನಪಾಡಾದ ಬಯಲೊಂದರಲ್ಲಿ ನಮ್ಮ ಸಂಘದ ಸದಸ್ಯರೊಬ್ಬರ ಮಗಳು ತನ್ನ ಆಟದ ವಿಮಾನವನ್ನು ಹಾರಿಸುತ್ತಿದ್ದಳು. ಸಂಘದ ವಾರ್ಷಿಕ ಲೆಕ್ಕಪತ್ರದ ವಿಷಯ ಮಾತಾಡಿಕೊಳ್ಳುತ್ತ ಅತ್ತ ಹೋದ ನಾವು ನಾಲ್ಕಾರು ಮಂದಿ, ಲೆಕ್ಕವನ್ನು ಮರೆತು ಮೇಲೆ ನೋಡುತ್ತ ನಿಂತುಬಿಟ್ಟೆವು. ಬಿಳಿಯ ಫೋಮಿನ ಹಗುರವಾದ ಒಡಲು. ಹೆಗಲ ಮೇಲೆ ಹೊತ್ತ ಹಾಗೆ ಮೇಲ್ಗಡೆ ಕೂಡಿಸಿದ ಒಂದು ರೆಕ್ಕೆ. ಬೆನ್ನಿನ ಹಿಂದೆ ಗಿರ್ರನೆ ತಿರುಗುವ ಪುಟ್ಟ ಪಂಖ. ಹುಡುಗಿಯ ಕೈಯಲ್ಲಿ ಎರಡು ಕಡ್ಡಿಗಳುಳ್ಳ ಒಂದು ಪೆಟ್ಟಿಗೆ. ಎಂಜಿನ್ನಿನ ಆರ್ಭಟವಿಲ್ಲ, ಹೊಗೆಯಿಲ್ಲ. ಜೀರುಂಡೆಯ ಸದ್ದಿನಷ್ಟು ಸದ್ದು. ಮೂರನೆಯ ಮಹಡಿಯ ಎತ್ತರದಲ್ಲಿ ಅದು ಎರಡು ಸುತ್ತು ಹಾಕಿ, ಮೂರನೆಯ ಸುತ್ತಿನಲ್ಲಿ ಹುಲ್ಲಿನ ಮೇಲೆ ಮೂಗೂರಿ ಬಿತ್ತು. ಹುಡುಗಿ ಓಡಿಹೋಗಿ ಎತ್ತಿ, ಮೂಗನ್ನು ತಿಕ್ಕಿ, ಮತ್ತೆ ಎಸೆದಳು. ಮತ್ತೆ ಹಾರಿತು.

ನಮ್ಮ ಜೊತೆಯಲ್ಲಿ ಧಾರವಾಡದ ಕಡೆಯ ಹಿರಿಯರೊಬ್ಬರಿದ್ದರು. ಅವರು ಹೆಮ್ಮೆಯಿಂದ, “ಇದೇನು ಮಹಾ! ರೈಟ್ ಸಹೋದರರಿಗಿಂತ ಎಂಟು ವರ್ಷ ಮುಂಚೆ, 1895ರಲ್ಲಿ, ನಮ್ಮ ಈ ಮುಂಬಯಿಯ ಚೌಪಾಟಿಯಲ್ಲೇ ಮನುಷ್ಯನಿಲ್ಲದ ವಿಮಾನ ಹಾರಿತ್ತು. ಅದರ ಶಾಸ್ತ್ರ ಹೇಳಿದವರು ನಮ್ಮ ಕನ್ನಡ ನಾಡಿನವರು” ಎಂದರು. ಹುಡುಗಿ ಕಣ್ಣರಳಿಸಿ ಕೇಳಿದಳು. ಕೇಳಿದವಳು ಸುಮ್ಮನಿರಲಿಲ್ಲ. “ಅಜ್ಜಾ, ಅದರ ತೂಕ ಎಷ್ಟಿತ್ತು? ಬ್ಯಾಟರಿ ಎಲ್ಲಿ ಇಟ್ಟಿದ್ದರು? ಮೂಗು ಭಾರವೋ ಬಾಲ ಭಾರವೋ?” ಎಂದು ಮೂರು ಪ್ರಶ್ನೆ ಹಾಕಿದಳು. ಹಿರಿಯರು ನಮ್ಮ ಮುಖ ನೋಡಿದರು. ನಾವು ಖಾಡಿಯ ಕಡೆ ನೋಡಿದೆವು. ಆ ಮೂರು ಪ್ರಶ್ನೆಗಳಿಗೆ ಉತ್ತರ ಹುಡುಕಿದ್ದರ ಫಲವೇ ಈ ಬರಹ. ಸ್ಮರಣ ಸಂಚಿಕೆಯ ಸಂಪಾದಕರು ಇತಿಹಾಸದ ಲೇಖನ ಬೇಕೆಂದಾಗ ಹಂಪೆಯನ್ನೋ ಕದಂಬರನ್ನೋ ಕುರಿತು ಬರೆಯಬೇಕಿತ್ತೇನೋ. ಆಟದ ವಿಮಾನಕ್ಕೂ ಇತಿಹಾಸವುಂಟು, ಅದರಲ್ಲಿ ಕನ್ನಡಿಗರದೂ ಒಂದು ಪಾಲುಂಟು ಎಂಬ ಧೈರ್ಯದಿಂದ ಇದನ್ನು ವಾಚಕರ ಮುಂದಿಡುತ್ತಿದ್ದೇವೆ.

ಮೊದಲು ಚೌಪಾಟಿಯ ಕಥೆಯನ್ನೇ ನೋಡೋಣ. ಶಿವಕರ ಬಾಪೂಜಿ ತಳಪದೆ ಎಂಬ ಮಹನೀಯರು ಮುಂಬಯಿಯಲ್ಲಿ ಹುಟ್ಟಿ ಬೆಳೆದವರು. ಸಂಸ್ಕೃತದಲ್ಲಿಯೂ ವೇದವಿಚಾರದಲ್ಲಿಯೂ ಆಸಕ್ತರು. ಅವರು ಮರುತ್ಸಖ ಎಂಬ ಹೆಸರಿನ ವಿಮಾನವನ್ನು ಕಟ್ಟಿದರೆಂದೂ, ಅದು ಚೌಪಾಟಿಯ ಮರಳಿನಿಂದ ಮೇಲೆದ್ದು ಸಾವಿರದೈನೂರು ಅಡಿ ಏರಿತೆಂದೂ, ಪಾದರಸದ ಬಲದಿಂದ ನಡೆಯಿತೆಂದೂ ಜನ ಹೇಳುತ್ತಾರೆ. ಈ ಕಥೆಯನ್ನೇ ಹಿಡಿದು 2015ರಲ್ಲಿ ಒಂದು ಹಿಂದೀ ಚಲನಚಿತ್ರವೂ ಬಂತು. ಅದೇ ವರ್ಷದ ಜನವರಿಯಲ್ಲಿ ಮುಂಬಯಿಯಲ್ಲಿಯೇ ಸೇರಿದ ಭಾರತೀಯ ವಿಜ್ಞಾನ ಸಮ್ಮೇಳನದಲ್ಲಿ ಪ್ರಾಚೀನ ವಿಮಾನಗಳ ಕುರಿತು ಉಪನ್ಯಾಸ ನಡೆದು, ದೇಶದಲ್ಲೆಲ್ಲ ವಾದವಿವಾದವೆದ್ದುದನ್ನು ನಮ್ಮಲ್ಲಿ ಅನೇಕರು ಮರೆತಿರಲಾರರು. ಆದರೆ ಹಾರಾಟವನ್ನು ಕಣ್ಣಾರೆ ಕಂಡು, ಎಷ್ಟು ದೂರ, ಎಷ್ಟು ಹೊತ್ತು, ಎಷ್ಟು ಭಾರ ಎಂದು ಅಂದೇ ಬರೆದಿಟ್ಟ ದಾಖಲೆ ಮಾತ್ರ ಇಂದಿನವರೆಗೂ ಯಾರ ಕೈಗೂ ಸಿಕ್ಕಿಲ್ಲ.

ಈ ಕಥೆ ಕನ್ನಡ ನಾಡನ್ನು ತಲುಪುವುದು ಬೆಂಗಳೂರಿನ ಹತ್ತಿರದ ಆನೇಕಲ್ಲಿನ ಮೂಲಕ. ಆನೇಕಲ್ಲಿನಲ್ಲಿದ್ದ ಪಂಡಿತ ಸುಬ್ಬರಾಯ ಶಾಸ್ತ್ರಿಗಳು 1918ರಿಂದ 1923ರ ವರೆಗೆ ವೈಮಾನಿಕ ಶಾಸ್ತ್ರವೆಂಬ ಗ್ರಂಥದ ಶ್ಲೋಕಗಳನ್ನು ಬಾಯಲ್ಲಿ ಹೇಳುತ್ತ ಹೋದರು. ಅದನ್ನು ಭರದ್ವಾಜ ಮಹರ್ಷಿಗಳ ಕೃತಿಯೆಂದು ಹೇಳಲಾಯಿತು. ವೆಂಕಟಾಚಲ ಶರ್ಮರು ಅದನ್ನು ಬರೆದುಕೊಂಡರು. ಎಲ್ಲಪ್ಪನವರೆಂಬ ನಕ್ಷೆಗಾರರು ಶಾಸ್ತ್ರಿಗಳ ಮಾತಿನಂತೆ ಶಕುನ, ಸುಂದರ, ರುಕ್ಮ, ತ್ರಿಪುರ ಎಂಬ ನಾಲ್ಕು ವಿಮಾನಗಳ ಚಿತ್ರ ತೆಗೆದರು. ಶಾಸ್ತ್ರಿಗಳು ಮುಂದೆ ತೀರಿಕೊಂಡರು. ಮೈಸೂರಿನ ಜಿ. ಆರ್. ಜೋಸ್ಯರ್ ಅವರು ಈ ಹಸ್ತಪ್ರತಿಯ ಸಂಗತಿಯನ್ನು 1952ರಲ್ಲಿ ಬಹಿರಂಗಪಡಿಸಿದರು. 1959ರಲ್ಲಿ ಹಿಂದೀ ಭಾಷಾಂತರವೂ 1973ರಲ್ಲಿ ಜೋಸ್ಯರರ ಇಂಗ್ಲಿಷ್ ಭಾಷಾಂತರವೂ ಅಚ್ಚಾದವು. ಮರಾಠಿ ನೆಲದಲ್ಲಿ ಬಾಳುವ ಕನ್ನಡಿಗರಾದ ನಮಗೆ ಈ ಕಥೆ ಎಷ್ಟು ಹಿತವೆಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ. ಕಟ್ಟಿದ ಕೈ ಮುಂಬಯಿಯದು, ಹೇಳಿದ ಬಾಯಿ ಆನೇಕಲ್ಲಿನದು! ಇದಕ್ಕಿಂತ ಚೆಂದದ ನೆಂಟಸ್ತಿಕೆ ಇನ್ನಾವುದು?

ಆದರೆ ಆ ಹುಡುಗಿಯ ಮೂರು ಪ್ರಶ್ನೆಗಳನ್ನು ಅವಳಿಗಿಂತ ಮುಂಚೆ, 1974ರಲ್ಲಿಯೇ, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಐವರು ವಿದ್ವಾಂಸರು ಕೇಳಿಯಾಗಿತ್ತು. ಎಚ್. ಎಸ್. ಮುಕುಂದ, ಎಸ್. ಎಂ. ದೇಶಪಾಂಡೆ, ಎಚ್. ಆರ್. ನಾಗೇಂದ್ರ, ಎ. ಪ್ರಭು, ಎಸ್. ಪಿ. ಗೋವಿಂದರಾಜು ಎಂಬ ಈ ಐವರು ಗ್ರಂಥವನ್ನು ಅಪಹಾಸ್ಯ ಮಾಡಿ ಪಕ್ಕಕ್ಕಿಡಲಿಲ್ಲ. ನಿಜವಾಗಿ ಕಟ್ಟಬೇಕಾದ ಯಂತ್ರವೆಂಬಂತೆಯೇ ಎದುರಿಗಿಟ್ಟುಕೊಂಡು ಪರಿಶೀಲಿಸಿದರು. ಹೇಳಿದ ಅಳತೆಗೆ ಎಷ್ಟು ತೂಕವಾಗುತ್ತದೆ, ಆ ತೂಕವನ್ನು ಎತ್ತುವ ಬಲ ಎಲ್ಲಿಂದ ಬರುತ್ತದೆ, ಗಾಳಿಯಲ್ಲಿ ಅದು ನೆಟ್ಟಗೆ ನಿಲ್ಲಬಲ್ಲುದೇ ಎಂದು ಲೆಕ್ಕ ಹಾಕಿದರು. ಅವರ ತೀರ್ಮಾನವು ನಿರ್ದಾಕ್ಷಿಣ್ಯವಾಗಿದೆ. ನಾಲ್ಕರಲ್ಲಿ ಒಂದಕ್ಕೂ ಹಾರುವ ಗುಣವಿಲ್ಲ. ಶ್ಲೋಕಕ್ಕೂ ಚಿತ್ರಕ್ಕೂ ಹೊಂದಿಕೆಯಿಲ್ಲ. ಭಾಷೆಯು ವೇದಕಾಲದ್ದಲ್ಲ, ಗ್ರಂಥವು 1904ಕ್ಕಿಂತ ಹಿಂದಿನದಾಗಿರಲು ಸಾಧ್ಯವಿಲ್ಲ. ತಳಪದೆಯವರು ಶಾಸ್ತ್ರಿಗಳ ಮಾರ್ಗದರ್ಶನದಲ್ಲಿ ಮಾದರಿಗಳನ್ನು ಕಟ್ಟಲು ಪ್ರಯತ್ನಿಸಿದ್ದರೂ ಅವು ಯಾವುವೂ ಹಾರಲಿಲ್ಲವೆಂಬ ಸಂಗತಿಯೂ ಅದೇ ಲೇಖನದಲ್ಲಿ ಬರುತ್ತದೆ.

ಇಷ್ಟರಿಂದ ತಳಪದೆಯವರನ್ನು ಕೀಳು ಮಾಡಬೇಕೆಂಬುದು ನಮ್ಮ ಅಭಿಪ್ರಾಯವಲ್ಲ. ಆ ಕಾಲದಲ್ಲಿ ಕಟ್ಟಿ ಸೋತವರು ಪ್ರಪಂಚದಲ್ಲೆಲ್ಲ ಇದ್ದರು. ಜರ್ಮನಿಯ ಲಿಲಿಯೆಂಥಾಲ್ 1896ರ ಆಗಸ್ಟಿನಲ್ಲಿ ತನ್ನ ಗ್ಲೈಡರಿನಿಂದ ಬಿದ್ದು ಪ್ರಾಣವನ್ನೇ ತೆತ್ತನು. ವಿಮಾನ ಕಟ್ಟಲು ಹೊರಟ ಮುಂಬಯಿಯ ಗೃಹಸ್ಥನ ಸಾಹಸವೇ ಸಾಕಷ್ಟು ದೊಡ್ಡದು. ಅದಕ್ಕೆ ಸಾವಿರದೈನೂರು ಅಡಿಯ ಬಾಲಂಗೋಚಿಯನ್ನು ಕಟ್ಟಿದವರು ಅವರಿಗೆ ಉಪಕಾರ ಮಾಡಿದರೆಂದು ನಮಗೆ ತೋರುವುದಿಲ್ಲ.

ಹಾಗಾದರೆ ಮನುಷ್ಯನಿಲ್ಲದ ವಿಮಾನವು ನಿಜವಾಗಿ ಹಾರಿದ್ದು ಯಾವಾಗ? ಇದಕ್ಕೆ ನಾವು ಪ್ಯಾರಿಸಿಗೆ ಹೋಗಬೇಕು. 1871ರ ಆಗಸ್ಟ್ 18ರಂದು ಅಲ್ಲಿಯ ತ್ವಿಲರಿ ಉದ್ಯಾನದಲ್ಲಿ ಆಲ್ಫೋನ್ಸ್ ಪೆನೋ ಎಂಬ ಇಪ್ಪತ್ತೊಂದು ವಯಸ್ಸಿನ ತರುಣನು ವಿದ್ವಾಂಸರ ಎದುರಿಗೆ ಗೇಣೆರಡರಷ್ಟು ಉದ್ದದ ಒಂದು ವಿಮಾನವನ್ನು ಹಾರಿಸಿದನು. ತಿರುಚಿದ ರಬ್ಬರ್ ಪಟ್ಟಿಯೇ ಅದರ ಎಂಜಿನ್. ಅದು ಹಾರಿದ್ದು 11 ಸೆಕೆಂಡು. ಆ ಹನ್ನೊಂದು ಸೆಕೆಂಡುಗಳಲ್ಲಿ ಯಾರೂ ಅದನ್ನು ಮುಟ್ಟಲಿಲ್ಲ, ತಿದ್ದಲಿಲ್ಲ. ತಾನಾಗಿ ನೆಟ್ಟಗೆ ಹೋಯಿತು. ರಹಸ್ಯವಿದ್ದದ್ದು ಬಾಲದಲ್ಲಿ. ಪೆನೋ ಹಿಂದಿನ ಚಿಕ್ಕ ರೆಕ್ಕೆಯನ್ನು ಮುಂದಿನದಕ್ಕಿಂತ ಸ್ವಲ್ಪ ಕೆಳಮುಖವಾಗಿ ಓರೆಯಿಟ್ಟಿದ್ದನು. ಮೂಗು ಇಳಿದರೆ ವೇಗ ಹೆಚ್ಚಿ ಆ ಬಾಲವೇ ಮೂಗನ್ನೆತ್ತುತ್ತದೆ; ಮೂಗು ಏರಿದರೆ ವೇಗ ಕುಗ್ಗಿ ತಾನೇ ಇಳಿಸುತ್ತದೆ. ರೆಕ್ಕೆಯ ತುದಿಗಳನ್ನೂ ಆತ ಮೇಲಕ್ಕೆ ಬಾಗಿಸಿದ್ದನು. ಎಡಕ್ಕೆ ವಾಲಿದರೆ ಎಡದ ರೆಕ್ಕೆಗೆ ಹೆಚ್ಚು ಗಾಳಿ ತಗಲಿ, ಒಡಲು ಮತ್ತೆ ಸಮನಾಗುತ್ತದೆ. ಸಾನಪಾಡಾದ ಹುಡುಗಿಯ ವಿಮಾನವನ್ನು ಎದುರಿನಿಂದ ನೋಡಿದವರಿಗೆ ಅದರ ರೆಕ್ಕೆ ಅಗಲವಾದ ಒಂದು ಬಟ್ಟಲಿನಂತೆ ಮೇಲಕ್ಕೆ ಬಾಗಿರುವುದು ಕಾಣುತ್ತದೆ. ಕಡ್ಡಿಯನ್ನು ಬಿಟ್ಟುಬಿಟ್ಟರೆ ಅದು ತಾನೇ ಸಮನಾಗುವುದು ಈ ಕಾರಣದಿಂದ. ಕಲಿಯುವವರಿಗೆಂದು ಮಾಡಿದ ಪ್ರತಿಯೊಂದು ವಿಮಾನದಲ್ಲಿಯೂ ಈ ಫ್ರೆಂಚ್ ತರುಣನ ಕೈಯಿದೆ. ಪಾಪ, ಅವನ ಮುಂದಿನ ದೊಡ್ಡ ಯೋಜನೆಗಳಿಗೆ ಯಾರೂ ಹಣ ಕೊಡಲಿಲ್ಲ. ಮೂವತ್ತು ವರ್ಷ ತುಂಬಿದ 1880ರಲ್ಲಿ ತನ್ನ ಕೈಯಾರೆ ಪ್ರಾಣ ಕಳೆದುಕೊಂಡನು.

ಆದರೆ ಅವನ ಆಟಿಕೆ ಸಾಯಲಿಲ್ಲ. 1878ರಲ್ಲಿ ಅಮೆರಿಕದ ಪಾದ್ರಿಯೊಬ್ಬರು ತಮ್ಮ ಇಬ್ಬರು ಚಿಕ್ಕ ಮಕ್ಕಳಿಗೆ, ಪೆನೋನ ಇನ್ನೊಂದು ಮಾದರಿಯಂತೆ ಮಾಡಿದ, ರಬ್ಬರಿನ ಬಲದಿಂದ ಮೇಲೇರುವ ಆಟಿಕೆಯೊಂದನ್ನು ಊರಿಂದ ತಂದುಕೊಟ್ಟರು. ಆ ಮಕ್ಕಳು ವಿಲ್ಬರ್ ಮತ್ತು ಆರ್ವಿಲ್ ರೈಟ್. ಆಟಿಕೆ ಮುರಿಯುವ ತನಕ ಆಡಿ, ಮುರಿದ ಮೇಲೆ ತಾವೇ ಅಂಥದನ್ನು ಮಾಡಿಕೊಂಡರು.

ಆಮೇಲೆ ಸ್ಯಾಮ್ಯುಯೆಲ್ ಲ್ಯಾಂಗ್ಲಿ. ಚೌಪಾಟಿಯ ಕಥೆ ನಡೆಯಿತೆನ್ನುವ ವರ್ಷ ಕಳೆದು ಮರುವರ್ಷ, 1896ರ ಮೇ 6ರಂದು, ಅಮೆರಿಕದ ಪೊಟೋಮ್ಯಾಕ್ ನದಿಯ ಮೇಲಿನ ಒಂದು ದೋಣಿಮನೆಯಿಂದ ಅವರ ಐದನೆಯ ನಂಬರಿನ ಮಾದರಿ ಹಾರಿತು. ಉಗಿಯಂತ್ರದ ಬಲ, ಸುಮಾರು 11 ಕಿಲೋ ತೂಕ, ಹೋದ ದೂರ ಒಂದು ಕಿಲೋಮೀಟರಿಗೆ ಸರಿಯಾಗಿ. ಟೆಲಿಫೋನಿನ ಗ್ರಹಾಂ ಬೆಲ್ ಮಹಾಶಯರು ಪಕ್ಕದಲ್ಲಿದ್ದು ಛಾಯಾಚಿತ್ರ ತೆಗೆದರು. ತೂಕ, ದೂರ, ಸಾಕ್ಷಿ, ಚಿತ್ರ ಎಲ್ಲವೂ ಇಲ್ಲಿವೆ. ಇದೇ ಲ್ಯಾಂಗ್ಲಿ 1903ರಲ್ಲಿ ಮನುಷ್ಯನನ್ನು ಕೂಡಿಸಿ ದೊಡ್ಡದನ್ನು ಹಾರಿಸಹೋದಾಗ ಅದು ಎರಡು ಸಲವೂ ನದಿಗೆ ಬಿತ್ತು. ಎರಡನೆಯ ಸಲ ಬಿದ್ದ ಒಂಬತ್ತು ದಿನಕ್ಕೆ, ಡಿಸೆಂಬರ್ 17ರಂದು, ಪಾದ್ರಿಯ ಮಕ್ಕಳು 12 ಸೆಕೆಂಡು ಹಾರಿ ಜಗತ್ತನ್ನು ಬದಲಿಸಿದರು. ಚಿಕ್ಕದರಲ್ಲಿ ಗೆದ್ದದ್ದು ದೊಡ್ಡದರಲ್ಲಿ ಗೆಲ್ಲುವುದೆಂಬ ಭರವಸೆ ಗಾಳಿಯಲ್ಲಿ ಇಲ್ಲ.

ಇನ್ನು ದೂರದಿಂದ ನಡೆಸುವ ವಿದ್ಯೆಯ ಮಾತು. ಇಲ್ಲಿ ಭಾರತೀಯರ ಹೆಮ್ಮೆಗೆ ನಿಜವಾದ ಕಾರಣವಿದೆ, ಸಾಕ್ಷ್ಯವೂ ಇದೆ. ಅದೇ 1895ರಲ್ಲಿ ಕಲ್ಕತ್ತೆಯ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಜಗದೀಶಚಂದ್ರ ಬೋಸರು ತಂತಿಯಿಲ್ಲದ ಅಲೆಗಳನ್ನು ಎರಡು ಗೋಡೆಗಳ ಮೂಲಕ 23 ಮೀಟರ್ ದೂರ ಕಳುಹಿಸಿ, ಆಚೆಯ ಕೋಣೆಯಲ್ಲಿ ಗಂಟೆ ಬಾರಿಸಿದರು, ಮದ್ದನ್ನು ಸಿಡಿಸಿದರು. ಒಂದು ಕಡೆ ಕೈಯಾಡಿಸಿದರೆ ಇನ್ನೊಂದು ಕಡೆ ಕೆಲಸವಾಗಬೇಕು, ನಡುವೆ ತಂತಿಯಿರಕೂಡದು. ಆಟದ ವಿಮಾನದ ಪೆಟ್ಟಿಗೆ ಮಾಡುವುದೂ ಇಷ್ಟೇ. 1898ರಲ್ಲಿ ನಿಕೋಲಾ ಟೆಸ್ಲಾ ನ್ಯೂಯಾರ್ಕಿನಲ್ಲಿ ಇದೇ ಉಪಾಯದಿಂದ ಚಿಕ್ಕ ದೋಣಿಯೊಂದನ್ನು ನಡೆಸಿ ತೋರಿಸಿದಾಗ ಜನ ಬೆರಗಾದರು. 1895ರ ಹೆಮ್ಮೆ ಬೇಕೆನ್ನುವವರು ಚೌಪಾಟಿಯನ್ನು ಬಿಟ್ಟು ಕಲ್ಕತ್ತೆಯ ಕಡೆ ನೋಡಿದರೆ ನಷ್ಟವೇನೂ ಇಲ್ಲ.

ದೋಣಿಯಿಂದ ವಿಮಾನಕ್ಕೆ ಬರಲು ನಾಲ್ವತ್ತು ವರ್ಷ ಬೇಕಾಯಿತು. ಕಾರಣ ಮತ್ತೆ ತೂಕವೇ. ಅಂದಿನ ರೇಡಿಯೋವೆಂದರೆ ಗಾಜಿನ ವಾಲ್ವುಗಳು, ಅವಕ್ಕೆ ಭಾರವಾದ ಬ್ಯಾಟರಿಗಳು. ಅಮೆರಿಕದ ವಾಲ್ಟರ್ ಗುಡ್ ಮತ್ತು ವಿಲಿಯಂ ಗುಡ್ ಎಂಬ ಸಹೋದರರು 1937ರಲ್ಲಿ ಪೆಟ್ರೋಲಿನ ಚಿಕ್ಕ ಎಂಜಿನ್ ಕೂಡಿಸಿದ ವಿಮಾನವನ್ನು ರೇಡಿಯೋದಿಂದ ಹಾರಿಸಿದರು. ಅದು ಈಗ ಅಲ್ಲಿಯ ಸ್ಮಿತ್ಸೋನಿಯನ್ ವಸ್ತುಸಂಗ್ರಹಾಲಯದ ಸೊತ್ತಾಗಿದೆ. ಮುಂದೆ ಬಹುಕಾಲ ಈ ವಿನೋದವು ಎಂಜಿನ್ನಿನವರ ಸೊತ್ತಾಗಿಯೇ ಉಳಿಯಿತು. ಈಥರ್, ಹರಳೆಣ್ಣೆಗಳ ವಾಸನೆ ಅಂಟಿದ ಅಂಗಿ, ಪಂಖ ತಿರುಗಿಸಹೋಗಿ ಗಾಯವಾದ ಬೆರಳು, ಬಾಲ್ಸಾ ಎಂಬ ಹಗುರ ಮರದ ಕಡ್ಡಿಗಳನ್ನು ಅಂಟಿಸಿ ಕಾಗದ ಹೊದಿಸಿ ಮೂರು ತಿಂಗಳು ಕಟ್ಟಿದ್ದು ಮೂರು ನಿಮಿಷದಲ್ಲಿ ಚೂರಾಗುವ ದುಃಖ, ಇವೆಲ್ಲ ಅದರ ಅಂಗಗಳು. ಕಲಿಯುವವನಿಗೆ ಇದರಷ್ಟು ನಿರ್ದಯವಾದ ಪಾಠಶಾಲೆ ಇನ್ನೊಂದಿಲ್ಲ. ತಪ್ಪು ಮಾಡದೆ ಕಲಿಯುವುದು ಹೇಗೆ? ಒಂದೇ ತಪ್ಪಿಗೆ ಎಲ್ಲವೂ ಹೋದರೆ ಎರಡನೆಯ ತಪ್ಪನ್ನು ಮಾಡುವುದು ಯಾವಾಗ?

ವಿದ್ಯುತ್ತಿನಿಂದ ಹಾರಿಸುವ ಯೋಚನೆ ಹೊಸದಲ್ಲ. 1957ರ ಜೂನ್ 30ರಂದು ಇಂಗ್ಲೆಂಡಿನ ಕರ್ನಲ್ ಟ್ಯಾಪ್ಲಿನ್ ಎಂಬವರು ರೇಡಿಯೋ ಕ್ವೀನ್ ಎಂಬ ಮಾದರಿಗೆ ವಿದ್ಯುತ್ ಮೋಟಾರನ್ನೂ ಬೆಳ್ಳಿ-ಸತುವಿನ ಬ್ಯಾಟರಿಯನ್ನೂ ಕೂಡಿಸಿ ಹಾರಿಸಿದರು. ಬೆಳ್ಳಿಯ ಬ್ಯಾಟರಿ ಆಟಕ್ಕೆ ಕೊಳ್ಳುವ ತಾಯ್ತಂದೆಯರು ಅಂದೂ ಇರಲಿಲ್ಲ, ಇಂದೂ ಇಲ್ಲ. ಜರ್ಮನಿಯ ಫ್ರೆಡ್ ಮಿಲಿಟ್ಕಿಯೂ ಅದೇ ಕಾಲದಿಂದ ಈ ವಿಷಯದ ಬೆನ್ನು ಹತ್ತಿದ್ದರು. ಆಟಿಕೆಯಿಂದ ಆರಂಭಿಸಿದ ಅವರು 1973ರ ಅಕ್ಟೋಬರ್ 21ರಂದು ಆಸ್ಟ್ರಿಯದಲ್ಲಿ ಮನುಷ್ಯನೊಬ್ಬನನ್ನು ಬ್ಯಾಟರಿಯ ವಿಮಾನದಲ್ಲಿ ಕೆಲವು ನಿಮಿಷ ಹಾರಿಸುವ ಮಟ್ಟಿಗೆ ಮುಟ್ಟಿದರು. ವಾಚಕರು ಗಮನಿಸಬೇಕು: ಅದೇ ನವೆಂಬರ್ ಒಂದರಂದು ನಮ್ಮ ರಾಜ್ಯಕ್ಕೆ ಕರ್ನಾಟಕವೆಂಬ ಹೆಸರು ಬಂತು. ಎರಡಕ್ಕೂ ಸಂಬಂಧವೇನೂ ಇಲ್ಲ. ತಾರೀಖು ನೆನಪಿಟ್ಟುಕೊಳ್ಳಲು ಅನುಕೂಲವೆಂದು ಹೇಳಿದೆವು.

ತೊಡಕು ಎಲ್ಲಿತ್ತೆಂಬುದನ್ನು ಅಂಕಿಗಳಲ್ಲಿ ಹೇಳುವುದಾದರೆ, ಒಂದು ಕಿಲೋ ಪೆಟ್ರೋಲಿನಲ್ಲಿ ಸುಮಾರು 12,000 ವ್ಯಾಟ್-ಗಂಟೆಯ ಶಕ್ತಿಯಿದೆ. ಮೋಟಾರು ಗಾಡಿಯ ಸೀಸದ ಬ್ಯಾಟರಿಯಲ್ಲಿ ಕಿಲೋ ಒಂದಕ್ಕೆ 30ರಿಂದ 40. ನಿಕ್ಕಲ್-ಕ್ಯಾಡ್ಮಿಯಂ ಬ್ಯಾಟರಿಯಲ್ಲಿ 40ರಿಂದ 60. ಇಂಥ ಭಾರ ಹೊತ್ತು ಹಾರುವುದೆಂದರೆ ಬುತ್ತಿಗಂಟಿನ ಬದಲು ಬೀಸುಕಲ್ಲನ್ನು ಹೊತ್ತು ಯಾತ್ರೆ ಹೊರಟಂತೆ. 1991ರಲ್ಲಿ ಜಪಾನಿನ ಸೋನಿ ಕಂಪನಿಯು ಲಿಥಿಯಂ ಅಯಾನ್ ಬ್ಯಾಟರಿಯನ್ನು ಪೇಟೆಗೆ ತಂದಿತು. ಅದರ ಜಾತಿಯ ಲಿಥಿಯಂ ಪಾಲಿಮರ್ ಬ್ಯಾಟರಿ ಈ ಶತಮಾನದ ಮೊದಲ ವರ್ಷಗಳಲ್ಲಿ ಆಟಿಕೆಯವರ ಕೈಗೆ ಬಂತು. ಕಿಲೋ ಒಂದಕ್ಕೆ 150 ವ್ಯಾಟ್-ಗಂಟೆ, ಅದಕ್ಕೂ ಮೇಲೆ. ಪೆಟ್ರೋಲಿಗೆ ಇದು ಇನ್ನೂ ಸಾಟಿಯಲ್ಲ. ಆದರೆ ಮೋಟಾರು ಎಂಜಿನ್ನಿಗಿಂತ ಶಕ್ತಿಯನ್ನು ಬಹಳ ಕಡಿಮೆ ಪೋಲು ಮಾಡುವುದರಿಂದ, ಹತ್ತು ನಿಮಿಷದ ಆಟಕ್ಕೆ ಅಷ್ಟು ಸಾಕೇ ಸಾಕಾಯಿತು. ಇದನ್ನು ಯಾರೂ ಆಟದ ವಿಮಾನಕ್ಕಾಗಿ ಮಾಡಲಿಲ್ಲ. ಬೆಳಗಿನ 8 ಗಂಟೆಯ ಲೋಕಲ್ ಗಾಡಿಯಲ್ಲಿ ಸಾನಪಾಡಾದಿಂದ ಹೊರಡುವ ಪ್ರತಿಯೊಬ್ಬರ ಜೇಬಿನಲ್ಲಿರುವ ಫೋನಿಗಾಗಿ ಬೆಳೆದ ವಿದ್ಯೆಯ ಎಂಜಲು ಮಕ್ಕಳ ಆಟಕ್ಕೆ ದೊರಕಿತು. ಇಂಗಾಲದ ಕುಂಚವಿಲ್ಲದೆ ತಿರುಗುವ ಬ್ರಷ್‌ಲೆಸ್ ಮೋಟಾರು ಬಂತು. ಬಿದ್ದರೂ ಮುರಿಯದ, ಮುರಿದರೂ ಅಂಟಿನಿಂದ ಕೂಡುವ ಫೋಮ್ ಬಂತು.

ನಮ್ಮ ದೇಶದಲ್ಲಿ ಇನ್ನೊಂದು ಬಾಗಿಲೂ ತೆರೆಯಬೇಕಿತ್ತು. 1933ರ ಕಾಯಿದೆಯ ಪ್ರಕಾರ ತಂತಿಯಿಲ್ಲದ ಯಂತ್ರ ಇಟ್ಟುಕೊಳ್ಳುವುದಕ್ಕೆ ಸರ್ಕಾರದ ಲೈಸೆನ್ಸು ಬೇಕಿತ್ತು. ಮನೆಯ ರೇಡಿಯೋಕ್ಕೂ ಅಂಚೆ ಕಛೇರಿಯಲ್ಲಿ ಲೈಸೆನ್ಸಿನ ಹಣ ಕಟ್ಟುತ್ತಿದ್ದುದನ್ನು ನಮ್ಮ ಹಿರಿಯರು ಬಲ್ಲರು. 2005ರ ಜನವರಿಯಲ್ಲಿ ಕೇಂದ್ರ ಸರ್ಕಾರವು 2.4 ಗಿಗಾಹರ್ಟ್ಸ್ ಅಲೆಗಳಲ್ಲಿ ಕಡಿಮೆ ಬಲದ ಯಂತ್ರಗಳಿಗೆ ಲೈಸೆನ್ಸು ಬೇಡವೆಂದಿತು. ಅದೇ ಸುಮಾರಿಗೆ ಆಟದ ವಿಮಾನಗಳ ಪೆಟ್ಟಿಗೆಗಳೂ ಆ ಅಲೆಗಳಿಗೆ ಬಂದವು. ಹಿಂದೆ ಒಂದೇ ಬಯಲಿನಲ್ಲಿ ಇಬ್ಬರು ಒಂದೇ ಅಲೆಯಲ್ಲಿ ಪೆಟ್ಟಿಗೆ ತೆರೆದರೆ ಒಬ್ಬನ ವಿಮಾನ ಬೀಳುವುದು ಖಂಡಿತವಾಗಿತ್ತು. ಈಗ ಪ್ರತಿಯೊಂದು ವಿಮಾನವೂ ತನ್ನ ಪೆಟ್ಟಿಗೆಯ ಮಾತನ್ನು ಮಾತ್ರ ಕೇಳುತ್ತದೆ, ತಾಯಿಯ ದನಿಯನ್ನು ಕರು ಗುರುತಿಸುವಂತೆ.

ಕನ್ನಡ ನಾಡಿನ ಪಾಲೇನೆಂದು ವಾಚಕರು ಕೇಳಬಹುದು. ಕಥೆಯ ವಿಮಾನವನ್ನು ಬಿಟ್ಟರೆ ನಮ್ಮ ಕೈ ಬರಿದಾಗುವುದಿಲ್ಲ. 1940ರಲ್ಲಿ ಮುಂಬಯಿಯ ವಾಲಚಂದ ಹೀರಾಚಂದರು ಮೈಸೂರು ಸರ್ಕಾರದ ಜೊತೆಗೂಡಿ ಬೆಂಗಳೂರಿನಲ್ಲಿ ಹಿಂದೂಸ್ಥಾನ್ ವಿಮಾನ ಕಾರ್ಖಾನೆಯನ್ನು ಸ್ಥಾಪಿಸಿದರು. 1942ರಲ್ಲಿ ವಿಜ್ಞಾನ ಸಂಸ್ಥೆಯಲ್ಲಿ ವಿಮಾನ ವಿಜ್ಞಾನದ ಶಾಖೆ ತೆರೆಯಿತು. ಕೊಲ್ಹಾಪುರದ ಸೀಮೆಯಿಂದ ಬಂದು, ಜರ್ಮನಿಯ ಗೋಟಿಂಗೆನ್ನಿನಲ್ಲಿ ಪ್ರಾಂಟಲ್ ಎಂಬ ಮಹಾ ಆಚಾರ್ಯರ ಕೈಕೆಳಗೆ ಕಲಿತ ವಿಷ್ಣು ಮಾಧವ ಘಾಟಗೆಯವರು ಅಲ್ಲಿ ಪಾಠ ಹೇಳಿದರು. ಕಾರ್ಖಾನೆಯಲ್ಲಿ ಎಚ್‌ಟಿ-2 ಎಂಬ ತರಬೇತಿ ವಿಮಾನವನ್ನು ರೂಪಿಸಿದರು. ಅದು 1951ರ ಆಗಸ್ಟಿನಲ್ಲಿ ಬೆಂಗಳೂರಿನ ಆಕಾಶಕ್ಕೆ ಏರಿತು. ಕಲಿಯುವವರಿಗಾಗಿ ಮಾಡಿದ ವಿಮಾನವೇ ನಮ್ಮ ದೇಶ ತಾನೇ ರೂಪಿಸಿ ಹಾರಿಸಿದ ಮೊದಲನೆಯ ಬಲವುಳ್ಳ ವಿಮಾನವೆಂಬುದು ನಮಗೆ ಅತ್ಯಂತ ಪ್ರಿಯವಾದ ಸಂಗತಿ. ಮುಂಬಯಿಯ ಹಣ, ಮೈಸೂರಿನ ನೆಲ, ಕೊಲ್ಹಾಪುರದ ಬುದ್ಧಿ. ನೆಂಟಸ್ತಿಕೆ ಹುಡುಕುವವರಿಗೆ ಇದು ಸಾಲದೇ?

ಅದೇ ಊರಿನಲ್ಲಿ ಆರ್. ಎಲ್. ನರಸಿಂಹಯ್ಯನವರು ಭೌತಶಾಸ್ತ್ರ ಕಲಿಸುತ್ತ, ವಿಜ್ಞಾನವನ್ನು ಕನ್ನಡದಲ್ಲಿ ಬರೆಯುತ್ತಿದ್ದರು. ಅವರ ಮಗ ರೊದ್ದಂ ನರಸಿಂಹ ಹುಡುಗನಾಗಿದ್ದಾಗ ವಿಜ್ಞಾನ ಸಂಸ್ಥೆಯ ಅಂಗಳದಲ್ಲಿ ನಿಲ್ಲಿಸಿದ್ದ ಸ್ಪಿಟ್‌ಫೈರ್ ಯುದ್ಧವಿಮಾನವನ್ನು ನೋಡಿ ಮರುಳಾಗಿ ಇದೇ ವಿದ್ಯೆಗೆ ಬಂದರು. ಮುಂದೆ ಬೆಂಗಳೂರಿನ ರಾಷ್ಟ್ರೀಯ ವಿಮಾನ ಪ್ರಯೋಗಶಾಲೆಯ ನಿರ್ದೇಶಕರಾಗಿ ಲೋಕವೇ ಗೌರವಿಸುವ ವಿದ್ವಾಂಸರಾದರು. ಆ ಪ್ರಯೋಗಶಾಲೆಯೇ ಈಚಿನ ವರ್ಷಗಳಲ್ಲಿ ಬ್ಲ್ಯಾಕ್ ಕೈಟ್ ಎಂಬ, ಒಂದಡಿ ಅಗಲದ ರೆಕ್ಕೆಯುಳ್ಳ, ಬ್ಯಾಟರಿಯಿಂದ ಹಾರುವ ಪುಟ್ಟ ವಿಮಾನವನ್ನು ಮಾಡಿದೆ. ಅದನ್ನು ಕೈಯಿಂದಲೇ ಎಸೆದು ಹಾರಿಸುತ್ತಾರೆ. ಚಿತ್ರದುರ್ಗದ ಚಳ್ಳಕೆರೆಯ ಬಯಲಿನಲ್ಲಿ 2017ರಿಂದ ಪೈಲಟ್ಟಿಲ್ಲದ ದೊಡ್ಡ ವಿಮಾನಗಳ ಪರೀಕ್ಷೆಗೆಂದೇ ಒಂದು ನೆಲೆಯಿದೆ. ಶೇಂಗಾ ಬೆಳೆಯುವ, ಕಂಬಳಿ ನೇಯುವ ಸೀಮೆಯ ಮೇಲೆ ಇವು ಸುತ್ತು ಹಾಕುತ್ತವೆ. ಅವಕ್ಕೂ ಹುಡುಗಿಯ ಮೂರು ಪ್ರಶ್ನೆಗಳಿಂದ ವಿನಾಯಿತಿಯಿಲ್ಲ.

ಈ ಲೇಖನ ಓದಿ ಮಕ್ಕಳಿಗೆ ವಿಮಾನ ಕೊಡಿಸಲು ಹೊರಡುವ ತಾಯ್ತಂದೆಯರಿಗೆ ಎರಡು ಮಾತು ಹೇಳದಿದ್ದರೆ ತಪ್ಪಾದೀತು. ಯುದ್ಧವಿಮಾನದಂತೆ ಕಾಣುವುದನ್ನು ಮೊದಲು ಕೊಳ್ಳಬೇಡಿ. ಚೆಂದ ಕಂಡಷ್ಟೂ ಬೇಗ ಬೀಳುತ್ತದೆ. ರೆಕ್ಕೆ ಮೇಲಿರಲಿ, ತುದಿ ಮೇಲಕ್ಕೆ ಬಾಗಿರಲಿ, ಪಂಖ ಹಿಂದಿದ್ದರೆ ಮೂಗೂರಿ ಬಿದ್ದಾಗ ಪಂಖವೂ ಉಳಿಯುತ್ತದೆ, ಬೆರಳೂ ಉಳಿಯುತ್ತದೆ. ಮೋಟಾರಿನ ವೇಗ, ಬಾಲದ ಏರಿಳಿತ, ಎಡಬಲ ಎಂಬ ಮೂರು ಹಿಡಿತಗಳು ಕಲಿಕೆಗೆ ಸಾಕು. ಈಗ ಕೆಲವುಗಳ ಒಡಲಲ್ಲಿ ಗೈರೋ ಎಂಬ ಚಿಕ್ಕ ಉಪಕರಣವಿದ್ದು, ತಪ್ಪಿದ್ದನ್ನು ಅದೇ ಸರಿಪಡಿಸುತ್ತದೆ. ಗಾಳಿಗೆ ಎದುರಾಗಿ ಎಸೆಯಬೇಕು. ವಿಮಾನ ನಮ್ಮ ಕಡೆಗೆ ಮುಖ ಮಾಡಿ ಬರುವಾಗ ಅದರ ಎಡವು ನಮ್ಮ ಬಲವಾಗುವುದೇ ಎಲ್ಲ ಅಪಘಾತಗಳ ತವರು; ನಮ್ಮಲ್ಲೊಬ್ಬರು ಹುಡುಗಿಯಿಂದ ಪೆಟ್ಟಿಗೆ ಇಸಿದುಕೊಂಡು ಪ್ರಯತ್ನಿಸಿ, ಈ ಸತ್ಯವನ್ನು ಒಂದು ಅಶೋಕ ಮರದ ಸಹಾಯದಿಂದ ಕಂಡುಕೊಂಡರು. ಲಿಥಿಯಂ ಬ್ಯಾಟರಿಯನ್ನು ರಾತ್ರಿ ಚಾರ್ಜಿಗೆ ಹಾಕಿ ಮಲಗಕೂಡದು. ಉಬ್ಬಿದ ಬ್ಯಾಟರಿಯನ್ನು ಮತ್ತೆ ಬಳಸಕೂಡದು. ಎರಡು ಕೋಣೆಯ ಮನೆಗಳಲ್ಲಿರುವ ನಾವು ಈ ಮಾತನ್ನು ಹಗುರವಾಗಿ ತೆಗೆದುಕೊಳ್ಳುವಂತಿಲ್ಲ.

ಇನ್ನು ಹಾರಿಸುವ ಜಾಗ. ಇದೇ ನಮ್ಮ ನಿಜವಾದ ಬಡತನ. ಸಿಡ್ಕೋ ಸಂಸ್ಥೆ 1970ರಲ್ಲಿ ಹುಟ್ಟಿ ಈ ಹೊಸ ನಗರವನ್ನು ಕಟ್ಟತೊಡಗಿದಾಗ ಇಲ್ಲಿ ಗದ್ದೆಯೂ ಉಪ್ಪಿನ ಹೊಲವೂ ಇದ್ದವು. ಈಗ ಬಯಲು ಹುಡುಕುವುದೇ ಕಷ್ಟ. ಖಾಡಿಯ ಅಂಚಿಗೆ ಹೋದರೆ ಅಲ್ಲಿ ಚಳಿಗಾಲದಲ್ಲಿ ಸಾವಿರಾರು ಫ್ಲೆಮಿಂಗೋ ಹಕ್ಕಿಗಳು ಬಂದಿಳಿಯುತ್ತವೆ. ಅವು ನಿಜವಾದ ವೈಮಾನಿಕರು, ಅವಕ್ಕೆ ತೊಂದರೆ ಕೊಡಲು ನಮಗೆ ಅಧಿಕಾರವಿಲ್ಲ. ಪಶ್ಚಿಮಕ್ಕೆ ಖಾಡಿಯಾಚೆ ಮುಂಬಯಿಯ ಹಳೆಯ ವಿಮಾನ ನಿಲ್ದಾಣ. ದಕ್ಷಿಣಕ್ಕೆ 2025ರ ಅಕ್ಟೋಬರ್ 8ರಂದು ಉದ್ಘಾಟನೆಯಾದ ನವಿ ಮುಂಬಯಿಯ ಹೊಸ ನಿಲ್ದಾಣ. 2021ರ ಡ್ರೋನ್ ನಿಯಮಗಳು ಪೈಲಟ್ಟಿಲ್ಲದೆ ಹಾರುವ ಎಲ್ಲಕ್ಕೂ ಅನ್ವಯಿಸುತ್ತವೆ. 250 ಗ್ರಾಂ ಒಳಗಿನದಕ್ಕೂ, ವಿನೋದಕ್ಕೆ ಹಾರಿಸುವ 2 ಕಿಲೋ ಒಳಗಿನದಕ್ಕೂ ಪೈಲಟ್ ಲೈಸೆನ್ಸು ಬೇಡ. ಆದರೆ ವಿಮಾನ ನಿಲ್ದಾಣದ ಎಲ್ಲೆಯಿಂದ 8ರಿಂದ 12 ಕಿಲೋಮೀಟರ್ ಪಟ್ಟಿಯಲ್ಲಿ 200 ಅಡಿಗಿಂತ ಮೇಲೇರಲು ಅನುಮತಿ ಬೇಕು. ಅದಕ್ಕಿಂತ ಹತ್ತಿರವಾದರೆ ನೆಲದಿಂದಲೇ ನಿರ್ಬಂಧ. ಸರ್ಕಾರ ಪ್ರಕಟಿಸಿರುವ ಬಣ್ಣದ ನಕ್ಷೆಯಲ್ಲಿ ತಮ್ಮ ಬಯಲು ಯಾವ ಬಣ್ಣದಲ್ಲಿದೆಯೆಂದು ನೋಡಿಕೊಂಡೇ ಪ್ರತಿಯೊಬ್ಬರೂ ಹೊರಡಬೇಕು. ಹುಡುಗಿಯ ತಂದೆ ನೋಡಿಕೊಂಡಿದ್ದರು. ಅದಕ್ಕಾಗಿಯೇ ಮೂರನೆಯ ಮಹಡಿಯ ಎತ್ತರ.

ಆ ಭಾನುವಾರದ ಸಂಗತಿಯಲ್ಲಿ ಒಂದು ಮಾತು ಉಳಿಯಿತು. ನಾವು ಇಷ್ಟನ್ನೆಲ್ಲ ಓದಿ ಬಂದು ಹಿರಿಯರಿಗೆ ಹೇಳಿದಾಗ ಅವರು ಸ್ವಲ್ಪ ಹೊತ್ತು ಸುಮ್ಮನಿದ್ದರು. ಅವರ ತಂದೆಯವರು ಹೇಳಿದ ಕಥೆಯಂತೆ ಅದು, ಬಿಡುವುದು ಸುಲಭವಲ್ಲ. “ಹಾರಲಿಲ್ಲ ಅಂತ ಅಳೆದು ಹೇಳಿದವರೂ ಬೆಂಗಳೂರಿನವರೇ ಏನು?” ಎಂದು ಕೇಳಿದರು. ಹೌದೆಂದೆವು. ಮುಂದಿನ ಭಾನುವಾರ ಬೆಳಿಗ್ಗೆ ಅವರು ಮನೆಯಿಂದ ಅಡಿಗೆಯ ತಕ್ಕಡಿಯನ್ನು ಚೀಲದಲ್ಲಿ ಹಾಕಿಕೊಂಡು ಬಯಲಿಗೆ ಬಂದರು. ಹುಡುಗಿ ವಿಮಾನವನ್ನು ಅದರ ಮೇಲಿಟ್ಟಳು, 212 ಗ್ರಾಂ. ಆಮೇಲೆ ಅವಳು ಹೇಳಿಕೊಟ್ಟಂತೆ ಅವರು ಎರಡು ತೋರುಬೆರಳುಗಳನ್ನು ರೆಕ್ಕೆಯ ಕೆಳಗೆ ಇಟ್ಟು ವಿಮಾನವನ್ನು ಎತ್ತಿ ಹಿಡಿದರು. ಬಾಲ ಕೆಳಗೆ ಬಾಗಿತು. ಹುಡುಗಿ ಬ್ಯಾಟರಿಯನ್ನು ಅರ್ಧ ಬೆರಳಿನಷ್ಟು ಮೂಗಿನ ಕಡೆಗೆ ಸರಿಸಿದಳು.